ಬರಿದೆಂದು ಬರೆದ ನೆಲ

"ಇನ್ನೊಂದು ಮೂವತ್ತು ಮೀಟರ್ ಕೊರೆಯೋಕೆ ಬಿಡಮ್ಮ, ಸಾಕು. ಸತು ಕೆಳಗಡೆ ಐತೆ."

ಡ್ರಿಲ್ಲಿನಿಂದ ಆಗಷ್ಟೇ ಹೊರಬಂದ ಕಲ್ಲಿನ ಕೋಲನ್ನು ವಿಶ್ವೇಶ್ವರ ನಾಲಿಗೆಯಿಂದ ನೆಕ್ಕಿ, ವಿನೋದಿನಿಯ ಮುಂದೆ ಹಿಡಿದರು. ಒದ್ದೆಯಾದ ಜಾಗದಲ್ಲಿ ಸತುವಿನ ಸುಳಿವಾದ ಜೇನುಬಣ್ಣದ ಚುಕ್ಕೆಗಳು ಹೊಳೆದವು.

ಕೋಲಾರದ ಚಿನ್ನದ ಗಣಿಯಲ್ಲಿ ಅರ್ಧ ಆಯುಸ್ಸು ಕಳೆದ ಭೂವಿಜ್ಞಾನಿಗೆ ಕಲ್ಲು ನೆಕ್ಕುವುದು ಕಾಫಿ ಕುಡಿದಷ್ಟೇ ಸಹಜ. ಆದರೆ ವಿನೋದಿನಿ ಡಬ್ಲಿನ್ನಿನ ಕಚೇರಿಯಿಂದ ಟಿಪ್ಪರರಿಯ ಈ ಹುಲ್ಲುಗಾವಲಿಗೆ ಬಂದದ್ದು ಕಲ್ಲು ನೋಡಲಿಕ್ಕಲ್ಲ. ಕಂಪನಿಯ ಯಜಮಾನ ಮೂಲತಃ ಮನೆ ಕಟ್ಟಿಸಿ ಮಾರುವವನು. ವಿಷಯವನ್ನು ತಾನೇ ಹೇಳಲು ಧೈರ್ಯ ಸಾಲದೆ, ನಿಮ್ಮೂರಿನವರಲ್ಲವೇ ಎಂದು ತನ್ನ ಅಕೌಂಟೆಂಟಾದ ಅವಳನ್ನೇ ಅಟ್ಟಿದ್ದ.

"ಸರ್, ಡ್ರಿಲ್ಲಿಂಗ್ ನಿಲ್ಲಿಸ್ಬೇಕಂತೆ. ಇಲ್ಲಿ ಏನೂ ಸಿಗ್ಲಿಲ್ಲ ಅಂತ ನೀವು ಬರೆದುಕೊಟ್ರೆ, ಹುಡುಕೋಕೆ ಆದ ಖರ್ಚಿಗೆಲ್ಲ ಈ ವರ್ಷಾನೇ ಟ್ಯಾಕ್ಸ್ ರಿಲೀಫ್ ಸಿಗತ್ತೆ. ಮನೆ ಮಾರಿದ ಲಾಭಕ್ಕೆ ಬೀಳೋ ಟ್ಯಾಕ್ಸ್ ಅಷ್ಟು ಕಮ್ಮಿ ಆಗತ್ತೆ."

"ಸತು ಸಿಕ್ಕರೆ?"

"ಸಿಕ್ಕರೆ ಗಣಿ ಮಾಡೋಕೆ ಹತ್ತು ವರ್ಷ ಬೇಕು. ಡಬ್ಲಿನ್ ಪಕ್ಕದ ಆಡಮ್ಸ್‌ಟೌನಲ್ಲಿ ಅವರ ಮನೆಗಳು ಕಟ್ಟೋಕೆ ಮುಂಚೇನೇ ಮಾರಿಹೋಗ್ತಿವೆ ಸರ್."

ಐರ್ಲೆಂಡಿನಲ್ಲಿ ಆಗ ಮನೆ ಕಟ್ಟುವ ಭರಾಟೆ, ಇಟ್ಟಿಗೆಗೇ ಚಿನ್ನದ ಬೆಲೆ. ನೆಲದ ಮೇಲೇ ಅಷ್ಟು ಸಿಗುವಾಗ ಅದರಡಿ ಕೊರೆಯುವ ಹುಚ್ಚು ಯಾರಿಗೆ ಬೇಕು?

"ಬರಿದು ಅಂತ ಒಂದ್ಸಲ ಬರೆದ್ರೆ ಆಮೇಲೆ ಯಾರೂ ಈ ಕಡೆ ತಲೆ ಹಾಕಲ್ಲಮ್ಮ," ಎಂದರು ವಿಶ್ವೇಶ್ವರ. "ಗಣಿ ಮುಚ್ಚೋದು ನೋಡಿದೀನಿ. ಹುಟ್ಟೋದು ಒಂದೂ ನೋಡಿಲ್ಲ. ನಾನು ಬರೀದಿದ್ರೆ?"

"ಬೇರೆಯವರ ಕೈಲಿ ಬರೆಸ್ತಾರೆ. ನಿಮ್ಮ ವರ್ಕ್ ಪರ್ಮಿಟ್ಟೂ ಅವರ ಕೈಲೇ ಇದೆ." ಹೇಳುತ್ತಲೇ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅವರು ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದುಕೊಟ್ಟರು. ಅಕ್ಷರ ಎಂದಿನಂತೆ ದುಂಡಗಿತ್ತು.

"ಸರ್, ನೀವು..."

"ಗ್ರ್ಯಾಂಡ್ ಕಣಮ್ಮ, ಗ್ರ್ಯಾಂಡ್. ಕತ್ತಲಾಗೋಕೆ ಮುಂಚೆ ಹೊರಡು," ಎಂದರು, ಎಲ್ಲ ಚೆನ್ನಾಗಿದೆ ಎನ್ನಲು ಇಲ್ಲಿಯವರು ಎದೆ ಒಡೆದಾಗಲೂ ಹೇಳುವ ಹಾಗೆ.

ಹಸುಗಳು ಕಾಲು ಸಿಕ್ಕಿಸಿಕೊಳ್ಳದಂತೆ ಡ್ರಿಲ್ ನಡೆಸುತ್ತಿದ್ದ ಡಿಕ್ಲನ್ ಕೊರೆದ ಕೊಳವೆಯ ಬಾಯಿವರೆಗೂ ಸಿಮೆಂಟು ಸುರಿದ. ಯಂತ್ರ ಬಿಚ್ಚಿ ಲಾರಿಗೇರಿಸಿದ. ಹೋಗುವಾಗ ಕರೆದ, ಕೊಳವೆಯ ಪಕ್ಕ ಕೂತಿದ್ದ ವಿಶ್ವೇಶ್ವರ ಏಳಲಿಲ್ಲ.

ಸಿಮೆಂಟು ಬಿಗಿಯುವಾಗ ಬೆಚ್ಚಗಾಗುತ್ತದೆ. ಅವರು ಕೈಗವಸು ಕಳಚಿ, ಅದರ ಮೇಲೆ ಅಂಗೈ ಇಟ್ಟು, ಪೂರ್ತಿ ತಣ್ಣಗಾಗುವವರೆಗೂ ಕೂತಿದ್ದರು.