ಪೆಂಗ್ಲೈ ಗುಹೆಯ ಬಾಗಿಲು

ಮ್ಯಾಂಚೆಸ್ಟರಿನಲ್ಲಿ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಉಮಾಳ ಬಳಿಗೆ ಅದೇ ನಗರದ ಡಿಡ್ಸ್‌ಬರಿ ಬಡಾವಣೆಯ ಜಲಜಾ ಒಂದು ಚೀನೀ ರೇಷ್ಮೆಚಿತ್ರದ ಸುರುಳಿ ತಂದರು. ಜಲಜಾ ಮೈಸೂರಿನವರು, ನಿವೃತ್ತ ವೈದ್ಯೆ. ಚೀನೀ ಮೂಲದ ಗಂಡ ಲಿಯಾಂಗ್ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದರು; ಚಿತ್ರ ಅವರ ಮನೆತನದ್ದು. ಸಮುದ್ರದ ನಡುವೆ ನೀಲಿ ಹಸಿರಿನ ಬೆಟ್ಟ, ಪೀಚ್ ಹೂವು, ಹಾರುವ ಕೊಕ್ಕರೆಗಳು. ಬೆಟ್ಟದ ಬುಡದಲ್ಲಿ ಮಾತ್ರ ರೇಷ್ಮೆ ಸವೆದು ತೂತಾಗಿತ್ತು.

“ಇದು ಪೆಂಗ್ಲೈ, ಸಾವಿಲ್ಲದವರ ದ್ವೀಪ. ಈ ತೂತಿನ ಜಾಗದಲ್ಲಿ ಒಂದು ಗುಹೆ ಇತ್ತು. ‘ನಮ್ಮಿಬ್ರಲ್ಲಿ ಮೊದ್ಲು ಹೋದೋರು ಇದ್ರ ಬಾಗಿಲಲ್ಲಿ ಕಾಯ್ಬೇಕು’ ಅಂತ ಅವರು ಯಾವಾಗ್ಲೂ ಅಲ್ಲೇ ಬೆರಳಿಟ್ಟು ಹೇಳೋರು. ಆ ಬಾಗಿಲು ಮತ್ತೆ ಬರೆದು ಕೊಡ್ತೀಯಾ?” ಎಂದರು ಜಲಜಾ.

“ದುರಸ್ತಿ ಮಾಡೋರು ಇಲ್ಲದ್ದನ್ನ ಹೊಸದಾಗಿ ಬರೆಯೋ ಹಾಗಿಲ್ಲ ಆಂಟಿ. ತೂತಿಗೆ ಅದೇ ಬಣ್ಣದ ರೇಷ್ಮೆ ಕೂರಿಸಬಹುದು, ಅಷ್ಟೇ.”

ಜಲಜಾರ ಮುಖ ಬಾಡಿತು. ಆದರೂ ಒಪ್ಪಿಕೊಂಡರು.

ಕೆಲಸ ಮುಗಿದ ದಿನ ಅವರು ಬಂದು ಮೇಜಿನ ಮೇಲೆ ಬಾಗಿ ನೋಡಿದರು. ಹೊಸ ತೇಪೆ ಬೆಟ್ಟದ ಬುಡಕ್ಕೆ ಇಳಿದ ಮಂಜಿನ ಹಾಗಿತ್ತು. ಅವರ ಬೆರಳು ಗುಹೆಯಿದ್ದ ಜಾಗಕ್ಕೆ ಹೋಗಿ ಅಲ್ಲೇ ನಿಂತಿತು. ಉಮಾಗೆ ತಡೆಯಲಾಗಲಿಲ್ಲ.

“ಬರೆದು ಕೊಡ್ಲಾ ಆಂಟಿ? ಯಾರಿಗೂ ಗೊತ್ತಾಗಲ್ಲ.”

“ಬೇಡಮ್ಮ. ನೀನು ಬರೆದ್ರೆ ಅದು ನಿನ್ನ ಬಾಗಿಲಾಗುತ್ತೆ. ಅವರದ್ದು ಎಲ್ಲಿತ್ತು ಅಂತ ನನಗೆ ಗೊತ್ತಿದೆಯಲ್ಲ.”

ಜಲಜಾ ಸುರುಳಿಯನ್ನು ಎದೆಗವಚಿಕೊಂಡು ಟ್ರಾಮ್ ಹತ್ತಿದರು. ಮನೆಯಲ್ಲಿ ಅದನ್ನು ಲಿಯಾಂಗ್ ಕೂರುತ್ತಿದ್ದ ಕುರ್ಚಿಯ ಎದುರಿಗೆ ತೂಗುಹಾಕಿ, ಸಂಜೆಯವರೆಗೂ ಅಲ್ಲೇ ಕೂತು ಆ ಮಂಜನ್ನು ನೋಡುತ್ತಿದ್ದರು.