ಯಾರೂ ಕೇಳದ ರಕ್ಷಣೆ

ನಡುರಾತ್ರಿ ಊಟದ ಮೇಜಿನ ಕಡೆಯಿಂದ ಸಣ್ಣಗೆ ‘ಟಿಣ್’ ಎಂದಿತು. ಸ್ಟೀಲ್ ಲೋಟಕ್ಕೆ ಚಮಚದ ತುದಿ ತಾಕಿದಷ್ಟೇ ಸದ್ದು. ಮನೆಯವರೆಲ್ಲ ಗಾಢ ನಿದ್ದೆಯಲ್ಲಿದ್ದರು. ನಮ್ರತಾ ಮಾತ್ರ ಎದ್ದು ಕೂತಳು. ಆ ಸದ್ದು ಇನ್ನು ಬರುವಂತಿರಲಿಲ್ಲ. ಅದನ್ನು ಮಾಡುತ್ತಿದ್ದ ಸಾಫ್ಟ್‌ವೇರನ್ನು ಮಧ್ಯಾಹ್ನವೇ ತನ್ನ ಕೈಯಾರೆ ತೆಗೆದುಹಾಕಿದ್ದಳು.

ಕೆಳಗಿಳಿದು ಹೊಸ ಲ್ಯಾಪ್‌ಟಾಪ್ ತೆರೆದರೆ ಬಲಮೂಲೆಯಲ್ಲಿ ಅದೇ ಕೆಂಪು ಚೌಕ: ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ. ಅದರಡಿ ಎರಡು ಬಟನ್. ಒಂದು, ಈಗಲೇ ಸರಿಪಡಿಸಿ. ಇನ್ನೊಂದು, ಆಮೇಲೆ ನೆನಪಿಸಿ. ಬೇಡ ಎನ್ನಲು ಬಟನ್ನೇ ಇರಲಿಲ್ಲ. ಬೇಡ ಎನ್ನುವ ಮಾತನ್ನು ಮೊದಲೇ ಕಿತ್ತುಕೊಂಡು ಆಮೇಲೆ ಪ್ರಶ್ನೆ ಕೇಳುವ ಈ ರೀತಿ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಮಾತೇ ಅವಳ ಕೆಲಸವಾಗಬೇಕಿತ್ತು. ಇಂಗ್ಲಿಷ್ ಬಾರದ ರೋಗಿಗಳಿಗೂ ಡಾಕ್ಟರಿಗೂ ನಡುವೆ ವಿಡಿಯೊದಲ್ಲಿ ಕೂತು ಕನ್ನಡ, ಹಿಂದಿ ದಾಟಿಸುವ ಇಂಟರ್‌ಪ್ರಿಟರ್ ಕೆಲಸ. ಅಮೆರಿಕದ ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ಗೆ ಬಂದು ಎಷ್ಟೋ ವರ್ಷಗಳ ಮೇಲೆ ವರ್ಕ್ ಪರ್ಮಿಟ್ ಸಿಕ್ಕಿ, ಅವಳೇ ಹುಡುಕಿ ಅಪ್ಲೈ ಮಾಡಿದ ಮೊದಲ ಕೆಲಸ. ಅದಕ್ಕೊಂದು ಪರೀಕ್ಷೆ. ಬರೆಯುವುದು ಮನೆಯಲ್ಲೇ, ಕ್ಯಾಮೆರಾ ಎದುರು. ನಡುವೆ ಸ್ಕ್ರೀನಿನ ಮೇಲೆ ಬೇರೇನೇ ಕಾಣಿಸಿದರೂ ಪರೀಕ್ಷೆ ಅಲ್ಲಿಗೇ ರದ್ದು. ಇದ್ದದ್ದು ಎರಡು ಅವಕಾಶ. ಮೊದಲನೆಯದನ್ನು ಈ ಕೆಂಪು ಚೌಕ ನುಂಗಿತ್ತು. ಎರಡನೆಯದೂ ಹೋದರೆ ಆ ಏಜೆನ್ಸಿಯ ಬಾಗಿಲು ಮುಚ್ಚಿದಂತೆಯೇ. ಗಂಡನ ಲ್ಯಾಪ್‌ಟಾಪ್ ಆಫೀಸಿನದು, ಅದರಲ್ಲಿ ಪರೀಕ್ಷೆಯ ಪ್ರೋಗ್ರಾಂ ಹಾಕಲು ಬರುವುದಿಲ್ಲ.

ಬೆಳಿಗ್ಗೆ ಸಿದ್ಧಲಿಂಗೇಶ್ ಕಾಫಿ ಕುಡಿಯುತ್ತಿದ್ದಾಗ ಕೇಳಿದಳು. “ರೀ, ಆ ಆಂಟಿವೈರಸ್ ವಾಪಸ್ ಹಾಕಿದ್ದು ಯಾರು?”

“ನಾನೇ. ನಿನ್ನೆ ಸಂಜೆ ವೆದರ್ ನೋಡೋಣ ಅಂತ ಓಪನ್ ಮಾಡಿದೆ, ಅಟ್ ರಿಸ್ಕ್ ಅಂತ ಬಂತು. ಫಿಕ್ಸ್ ನೌ ಒತ್ತಿದೆ. ಯಾಕೆ?”

“ನಾನು ಬೇಕಂತಲೇ ತೆಗೆದಿದ್ದೆ. ಲಾಸ್ಟ್ ಟೈಮ್ ಎಕ್ಸಾಮ್ ಕಟ್ ಆಗಿದ್ದೇ ಅದರಿಂದ.”

“ಅಷ್ಟು ದೊಡ್ಡ ಕಂಪನಿಯವರು ಸುಮ್ನೆ ಹಾಕಿರ್ತಾರಾ? ಏನೋ ರೀಸನ್ ಇರುತ್ತೆ. ಅದನ್ನೆಲ್ಲ ತೆಗೀತಾ ಹೋದ್ರೆ ವಾರಂಟಿ ಹೋಗುತ್ತೆ.”

ಸಿದ್ಧಲಿಂಗೇಶ್ ಕೆಟ್ಟವನಲ್ಲ. ಆಸ್ಪತ್ರೆ ಕಟ್ಟಡಗಳಿಗೆ ಏಸಿ ವ್ಯವಸ್ಥೆ ಡಿಸೈನ್ ಮಾಡುವ ಎಂಜಿನಿಯರ್. ಆದರೆ ಹೊಸ ವಸ್ತು ಬಂದ ಹಾಗೆಯೇ ಇರಬೇಕು ಎನ್ನುವುದು ಅವನ ನಿಯಮ. ಫ್ರಿಜ್ಜಿನ ಹಿಡಿಯ ಮೇಲೆ, ಟಿವಿ ರಿಮೋಟಿನ ಮೇಲೆ, ಈ ಲ್ಯಾಪ್‌ಟಾಪಿನ ಬೆನ್ನ ಮೇಲೆ ಕೂಡ ಅಂಗಡಿಯ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಒಳಗಿನ ಸಾಫ್ಟ್‌ವೇರೂ ಅವನಿಗೆ ಅಂಥದ್ದೇ ಒಂದು ಹಾಳೆ.

ಬಾಗಲಕೋಟೆಯಿಂದ ಬಂದಿದ್ದ ಅವನ ತಾಯಿ ಶಿವಬಸಮ್ಮ ಸೋಫಾದಿಂದಲೇ ಅಂದರು. “ವಾರಂಟಿ ವಾರಂಟಿ ಅಂತ ಕಾರಿನ ಸೀಟಿನ ಪ್ಲಾಸ್ಟಿಕ್ ಇನ್ನೂ ತಗದಿಲ್ಲ. ಕುಂತ್ರ ಚರಚರ ಅಂತೈತಿ, ಎದ್ರ ಸೀರಿ ಹಿಡಕೊಂಡು ಬರತೈತಿ.”

“ಅವ್ವಾ, ರೀಸೇಲ್ ವ್ಯಾಲ್ಯೂ ಅಂತ ಒಂದಿರತೈತಿ.”

“ಸೊಸಿ ಪರೀಕ್ಷಾನೂ ರೀಸೇಲಿಗೆ ಇಟ್ಟೀಯೇನು?”

ಅವನು ನಗುತ್ತ ಬ್ಯಾಗ್ ಎತ್ತಿಕೊಂಡ. “ಸಂಜೆ ಬಂದು ಹೆಲ್ಪ್‌ಲೈನ್‌ಗೆ ಕಾಲ್ ಮಾಡ್ತೀನಿ. ಅಲ್ಲಿವರೆಗೂ ಏನೂ ಟಚ್ ಮಾಡಬೇಡ, ಪ್ಲೀಸ್.”

ಪರೀಕ್ಷೆ ಮರುದಿನ ಬೆಳಿಗ್ಗೆ. ಅವನ ಕಾರು ಅಟ್ಲಾಂಟಾ ಕಡೆ ಹೊರಟ ಮೇಲೆ ನಮ್ರತಾ ಮೊದಲು ವಾರಂಟಿಯ ಕಾಗದ ಹುಡುಕಿ ಆದ್ಯಂತ ಓದಿದಳು. ಸಾಫ್ಟ್‌ವೇರ್ ತೆಗೆದರೆ ವಾರಂಟಿ ಹೋಗುತ್ತದೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಓದಿದ್ದು ಸರಿಯೇ ಎಂದು ಇನ್ನೊಮ್ಮೆ ಓದಿದಳು. ಆಮೇಲೆ ಕೂತು ತೆಗೆಯತೊಡಗಿದಳು. ಆಂಟಿವೈರಸ್ಸು, ಅವಳು ಎಂದೂ ಆಡದ ಇಸ್ಪೀಟಾಟ, ಯಾವುದೋ ಅಂಗಡಿಯ ಕೂಪನ್ನು, ಫೋಟೊಗಳನ್ನು ತಾನೇ ಕಾಪಾಡುತ್ತೇನೆಂದು ಗೋಗರೆಯುವ ಇನ್ನೊಂದು. ರೀಸ್ಟಾರ್ಟ್ ಮಾಡಿದಳು. ಲ್ಯಾಪ್‌ಟಾಪ್ ಕಂಪನಿಯ ‘ಅಸಿಸ್ಟೆಂಟ್’ ಎಂಬ ಪ್ರೋಗ್ರಾಂ ಎಚ್ಚೆತ್ತು, ಅವಳು ಹೊರಹಾಕಿದವರನ್ನೆಲ್ಲ ಒಬ್ಬೊಬ್ಬರಾಗಿ ಕೈಹಿಡಿದು ಒಳಗೆ ಕರೆತಂದಿತು. ಸಿಟ್ಟಿಗೆದ್ದು ಇಡೀ ಲ್ಯಾಪ್‌ಟಾಪನ್ನೇ ರಿಸೆಟ್ ಮಾಡಿದಳು. ಅದು ಮುಗಿದಾಗ ಇಸ್ಪೀಟಾಟವೇ ಮೊದಲು ಬಂದು ಸ್ವಾಗತ ಹೇಳಿತು.

ಪಕ್ಕದ ರಾಜ್ಯದ ಫೋರ್ಟ್ ಮಿಲ್‌ನಲ್ಲಿದ್ದ ಆಫ್ರೀನ್‌ಗೆ ಫೋನ್ ಮಾಡಿದಳು. ಮೈಸೂರಿನವಳು, ಮೊದಲು ಇದೇ ಬೀದಿಯಲ್ಲಿದ್ದವಳು. ಈಗ ಅಲ್ಲಿನ ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ.

“ರಿಸೆಟ್ ಮಾಡಿದ್ಯಾ? ಆ ರಿಸೆಟ್ಟೂ ಅವರದೇ ಕಣೇ. ಕಳ್ಳನನ್ನೇ ಕರೆದು ಬೀಗ ರಿಪೇರಿ ಮಾಡಿಸಿದ ಹಾಗಾಯ್ತು.”

“ಈಗೇನು ಮಾಡಲಿ?”

“ಪೂರ್ತಿ ಒರೆಸು. ಡಿಸ್ಕ್‌ನಲ್ಲಿ ಒಂದು ಮೂಲೆ ಬಚ್ಚಿಟ್ಟಿರ್ತಾರೆ, ಅದನ್ನೂ ಒರೆಸು. ಆಮೇಲೆ ಪೆನ್ ಡ್ರೈವ್‌ನಿಂದ ಬರೀ ವಿಂಡೋಸ್ ಹಾಕು.”

“ಕೆಟ್ಟು ಕೂತರೆ?”

“ಕೆಟ್ಟರೆ ನಾಳೆ ಎಕ್ಸಾಮ್ ಇಲ್ಲ. ಹೀಗೇ ಬಿಟ್ಟರೆ ಎಕ್ಸಾಮ್ ಮುಗಿಸ್ತೀಯ ಅಂತ ಗ್ಯಾರಂಟಿನೂ ಇಲ್ಲ. ಮಾಡು ಅಂತ ನಾನು ಹೇಳಲ್ಲಮ್ಮ, ಆಮೇಲೆ ನಿನ್ನ ಗಂಡ ನಮ್ಮನೆ ಬಿರಿಯಾನಿಗೂ ಬರಲ್ಲ.”

“ನೀನು ಹೇಳಬೇಡ. ನಾನೇ ಮಾಡ್ತೀನಿ. ಲೈನಲ್ಲಿ ಇರು ಸಾಕು.”

ಪೆನ್ ಡ್ರೈವ್ ಸಿದ್ಧವಾಗುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ನೀಲಿ ಪರದೆ ಬಂತು. ಅದರಲ್ಲಿ ಡಿಸ್ಕಿನ ಭಾಗಗಳು ಸಾಲಾಗಿ ಕೂತಿದ್ದವು. ಕೊನೆಯದರ ಮೇಲೆ ಕಂಪನಿಯದೇ ಹೆಸರು. ಗ್ಯಾಸ್ ಆರಿಸಿದ ಮೇಲೂ ತಿರುಗಿ ಬಂದು ನಾಬ್ ಮುಟ್ಟಿ ನೋಡುವ ಹೆಣ್ಣು ಅವಳು. ಅಳಿಸಿದ್ದು ಹಿಂದಿರುಗಿ ಬರುವುದಿಲ್ಲ, ಮುಂದುವರಿಯಲೇ ಎಂದು ಅದು ಕೇಳಿತು. ಎರಡು ಸಲ ಓದಿದಳು. ಹೌದು ಒತ್ತಿದಳು. ಮತ್ತೊಂದು. ಹೌದು. ಕಂಪನಿಯ ಹೆಸರಿದ್ದದ್ದಕ್ಕೆ ಬಂದಾಗ ಓದದೆಯೇ ಒತ್ತಿದಳು.

ಪರದೆ ಕಪ್ಪಾಯಿತು. ಶಿವಬಸಮ್ಮ ಬಂದು ಇಣುಕಿದರು. “ಕೆಟ್ಟಿತೇನವಾ?”

“ಇಲ್ಲ ಅತ್ತೆ. ಮನೆ ಖಾಲಿ ಮಾಡಿಸ್ತಿದ್ದೀನಿ.”

“ಛಲೋ ಆತು. ಹಂಗಿದ್ರ ಬಾಗಿಲಾನೂ ಹಾಕು.”

ಹೊಸ ವಿಂಡೋಸ್ ಬಂತು. ಬಂದದ್ದೇ ಇಂಟರ್ನೆಟ್ ಕೇಳಿತು, ಆದರೆ ವೈಫೈ ಇದೆಯೆಂದೇ ಅದಕ್ಕೆ ಗೊತ್ತಿರಲಿಲ್ಲ. ಒರೆಸಿದ್ದರಲ್ಲಿ ವೈಫೈ ನಡೆಸುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮೂ ಹೋಗಿತ್ತು. ಹಿಂದೆ ಹೋಗುವ ದಾರಿ ಇಲ್ಲ, ಮುಂದೆ ಬಿಡುತ್ತಿಲ್ಲ. ನಾಳೆ ಕ್ಯಾಮೆರಾ ಮುಂದೆ ಕೂರುವ ಬದಲು ಈ ನೀಲಿ ಪರದೆಯ ಮುಂದೆ ಕೂತಿರುತ್ತೇನೆ ಎಂದುಕೊಂಡಳು.

“ಅಳಬೇಡ,” ಎಂದಳು ಆಫ್ರೀನ್.

“ಅಳ್ತಿಲ್ಲ.”

“ಮೂಗು ಎಳೀತಿದ್ದೀಯ. ನಿನ್ನ ಫೋನನ್ನ ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಜೋಡಿಸು. ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡು. ಫೋನಿನ ಇಂಟರ್ನೆಟ್ ಅದಕ್ಕೆ ಹೋಗುತ್ತೆ, ಡ್ರೈವರ್ ಅದೇ ತಂದ್ಕೊಳ್ಳುತ್ತೆ.”

ತಂದುಕೊಂಡಿತು. ವೈಫೈ ಬಂತು. ಖಾಲಿ ನೀಲಿ ಡೆಸ್ಕ್‌ಟಾಪ್ ತೆರೆದುಕೊಂಡಿತು. ಒಂದು ಮೂಲೆಯಲ್ಲಿ ಕಸದ ಬುಟ್ಟಿಯ ಚಿತ್ರ ಬಿಟ್ಟರೆ ಬೇರೇನಿಲ್ಲ. ಅವಳು ಉಸಿರು ಬಿಡುವಷ್ಟರಲ್ಲಿ ಕೆಳಗಿನಿಂದ ಒಂದು ಬಿಳಿ ಪಟ್ಟಿ ಎದ್ದಿತು. ಕಂಪನಿಯ ಅಸಿಸ್ಟೆಂಟನ್ನು ಹಾಕಿಕೊಳ್ಳುತ್ತೀರಾ?

“ಇದು ಇನ್ನೂ ಎಲ್ಲಿಂದ ಬರ್ತಿದೆ ಆಫ್ರೀನ್?”

“ಡಿಸ್ಕಿನಲ್ಲಷ್ಟೇ ಅಲ್ಲ, ಮದರ್‌ಬೋರ್ಡಿನ ಚಿಪ್‌ನಲ್ಲೂ ಒಂದು ಆಹ್ವಾನ ಪತ್ರಿಕೆ ಇಟ್ಟಿರ್ತಾರೆ. ನಾಚಿಕೆ ಇಲ್ಲದ ಜನ. ಅದನ್ನ ಆಫ್ ಮಾಡೋದು ಹೇಳಿಕೊಡ್ತೀನಿ, ಮೊದಲು ಇದಕ್ಕೆ ಉತ್ತರ ಕೊಡು.”

ಈ ಸಲ ಬೇಡ ಎನ್ನಲು ಬಟನ್ ಇತ್ತು. ನಮ್ರತಾ ಅದನ್ನು ನಿಧಾನವಾಗಿ ಒತ್ತಿದಳು.

ಸಿದ್ಧಲಿಂಗೇಶ್ ಬರುವಷ್ಟರಲ್ಲಿ ಅಟ್ಲಾಂಟಾದ ಟ್ರಾಫಿಕ್ ಅವನ ಜೀವ ಹಿಂಡಿತ್ತು. ಹೆಲ್ಪ್‌ಲೈನಿನ ನೆನಪು ಅವನಿಗಾಗಲಿಲ್ಲ, ಅವಳು ನೆನಪಿಸಲೂ ಇಲ್ಲ.

ಮರುದಿನ ಪರೀಕ್ಷೆಯಲ್ಲಿ ಅವಳ ಅರ್ಧ ಕಣ್ಣು ಬಲಮೂಲೆಯ ಮೇಲೇ ಇತ್ತು. ಹೆಡ್‌ಫೋನಿನಲ್ಲಿ ಒಬ್ಬ ಮುದುಕಿಯ ದನಿ, ಎದೆಯಲ್ಲಿ ಒಂಥರಾ ಸಂಕಟ, ಉಸಿರು ಅರ್ಧಕ್ಕೇ ನಿಂತಂಗಾಗುತ್ತೆ ಎಂದಿತು. ಆ ‘ಒಂಥರಾ’ ಎನ್ನುವುದನ್ನು ಬಿಡಬಾರದು. ಡಾಕ್ಟರಿಗೆ ಬೇಕಾದದ್ದೇ ಅದು ಎಂದು ಅವಳಿಗೆ ಹೊಳೆಯಿತು. ಅಲ್ಲಿಂದ ಮುಂದೆ ಮೂಲೆ ನೋಡುವುದನ್ನು ಮರೆತಳು. ಕೊನೆಯ ಪ್ರಶ್ನೆ ಮುಗಿದು ಧನ್ಯವಾದ ಎಂಬ ಸಾಲು ಬಂದಾಗಲೇ ನೆನಪಾದದ್ದು. ಮೂಲೆ ಖಾಲಿ ಇತ್ತು.

ಮುಂದಿನ ವಾರ ಪಾಸಾದ ಈಮೇಲ್ ಬಂತು. ಭಾನುವಾರ ಕರಬಸಪ್ಪ ಅಂಕಲ್ ಮನೆಯಲ್ಲಿ ಊಟ. ಊರಿನ ಕಡೆಯವರಲ್ಲಿ ಹಿರಿಯರು; ಯಾರ ಮನೆಗೆ ಏನು ಹೊಸದು ಬಂದರೂ ಅವರಿಗೆ ವರದಿಯಾಗಬೇಕು.

“ಅದೇನೋ ಪಾಪಪ್ ಕಾಟ ಇತ್ತಂತಲ್ಲಮ್ಮ?” ಎಂದರು ಅವರು.

ಅವಳಿಗಿಂತ ಮೊದಲೇ ಸಿದ್ಧಲಿಂಗೇಶ್ ಬಾಯಿ ಹಾಕಿದ. “ಇವಳು ಎಲ್ಲಾ ಕಿತ್ತು ಹಾಕೋಕೆ ಹೊರಟಿದ್ಲು ಅಂಕಲ್. ನಾನು ಬಿಡಲಿಲ್ಲ. ಒಂದ್ಸಲ ಫಿಕ್ಸ್ ನೌ ಒತ್ತಿದೆ ನೋಡಿ, ಅವತ್ತಿಂದ ಗಪ್‌ಚುಪ್. ಕಂಪನಿಯವರು ಹಾಕಿದ್ದನ್ನ ಅದರ ಪಾಡಿಗೆ ಬಿಟ್ಟರೆ ಅದು ನಮ್ಮ ಪಾಡಿಗೆ ನಮ್ಮನ್ನ ಬಿಡುತ್ತೆ.”

“ತಾಳ್ಮೆ ಬೇಕಪ್ಪ,” ಎಂದು ಅಂಕಲ್ ತಲೆದೂಗಿದರು.

“ಏನೇ, ಹೌದೋ ಅಲ್ವೋ? ಒಂದ್ಸಲನಾದ್ರೂ ಮತ್ತೆ ಸದ್ದು ಮಾಡಿದೆಯಾ?”

“ಇಲ್ಲ,” ಎಂದಳು ನಮ್ರತಾ. ಅದು ನಿಜವೂ ಆಗಿತ್ತು.

ಶಿವಬಸಮ್ಮ ತಟ್ಟೆಗೆ ಬಗ್ಗಿ ರೊಟ್ಟಿ ಮುರಿಯುತ್ತಿದ್ದರು, ಅವರ ಭುಜ ಮಾತ್ರ ಕುಲುಕುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನಮ್ರತಾ ತೂಗಿ ನೋಡಿದಳು. ಹೇಳಿದರೆ ಎಲ್ಲರೂ ಬೆರಗಾಗುತ್ತಾರೆ, ಅದು ಒಂದು ನಿಮಿಷದ ಸುಖ. ಮನೆಗೆ ಹೋದ ಕೂಡಲೇ ಇವನಿಗೆ ವಾರಂಟಿಯ ಭಯ ಹತ್ತುತ್ತದೆ, ಹೆಲ್ಪ್‌ಲೈನ್‌ಗೆ ಫೋನ್ ಹೋಗುತ್ತದೆ, ಯಾರೋ ದೂರದಿಂದಲೇ ಕೈಹಾಕಿ ಎಲ್ಲವನ್ನೂ ಮತ್ತೆ ಒಳಗೆ ಕೂರಿಸುತ್ತಾರೆ. ಸೋಮವಾರ ಅವಳ ಮೊದಲ ಶಿಫ್ಟು. ಆ ಪರದೆಯ ಮೇಲೆ ಡಾಕ್ಟರು, ರೋಗಿ, ಅವಳು, ಮೂವರೇ ಇರಬೇಕು.

ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ಅವಳು ಪಲ್ಯದ ಬಟ್ಟಲನ್ನು ಗಂಡನ ಕಡೆ ಸರಿಸಿದಳು.