ಒಲೆಯಿಂದ ಮೇಜಿನವರೆಗೆ

ಹಬೆ ಮೊದಲು ಎಡಗಣ್ಣಿಗೇ ತಾಗುತ್ತದೆ, ಮುಚ್ಚಳವನ್ನು ಯಾವ ಕಡೆಯಿಂದ ಎತ್ತಿದರೂ ಎಡಗಣ್ಣಿಗೇ, ಗಾಳಿ ಬಾಗಿಲಿನಿಂದ ಬರುತ್ತದಲ್ಲ ಅದಕ್ಕಿರಬೇಕು, ಟೇಮರ್ ಕಣ್ಣೊರೆಸಿಕೊಂಡು ಗೆಣಸನ್ನು ಚಾಕುವಿನ ತುದಿಯಿಂದ ಚುಚ್ಚಿ ನೋಡುತ್ತಾಳೆ, ಬೆಂದಿದೆ, ಸಿಪ್ಪೆ ಒಡೆದ ಕಡೆ ಜೇನಿನಂಥ ರಸ ಕಟ್ಟಿದೆ, ತನ್ನ ಗೆಣಸು, ತನ್ನ ಒಲೆ, ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲಿನ ಎರಡನೇ ಸುಗ್ಗಿ, ಹೊರಗೆ ಮರದಡಿಯ ಮೇಜಿನ ಮುಂದೆ ಕೂತವಳು ತನ್ನ ಮಗಳು ಲೀಥಾ — ಅದರಲ್ಲಿ ಅನುಮಾನವಿಲ್ಲ, ಕಿವಿಯ ಹಿಂದಿನ ಮಚ್ಚೆಯನ್ನು ಬಂದ ದಿನವೇ ನೋಡಿಯಾಗಿದೆ, ಒಂಬತ್ತು ವರ್ಷದವಳನ್ನು ಲೂಸಿಯಾನಾದ ಕಬ್ಬಿನ ಸೀಮೆಗೆ ಮಾರಿದರು, ಇಪ್ಪತ್ತೊಂದರವಳು ನಡೆದುಕೊಂಡು ಬಂದಳು, ತನ್ನ ಪರವಾಗಿ ಪಾದ್ರಿ ಬರೆದುಕೊಟ್ಟ ಕಾಗದವನ್ನು ಅಲ್ಲಿನ ಯಾವುದೋ ಚರ್ಚಿನಲ್ಲಿ ಗಟ್ಟಿಯಾಗಿ ಓದಿದರಂತೆ, ತಾಯಿ ಟೇಮರ್, ಜಾರ್ಜಿಯಾ, ಮಗಳನ್ನು ಹುಡುಕುತ್ತಿದ್ದಾಳೆ — ಸಿಕ್ಕಳು, ಆದರೆ ಪೂರ್ತಿ ಸಿಕ್ಕಳೇ, ಮೂರು ದಿನದಿಂದ ಯಾರ ಕಣ್ಣೆದುರೂ ಒಂದು ತುತ್ತು ಬಾಯಿಗಿಟ್ಟಿಲ್ಲ, ತಟ್ಟೆ ತೆಗೆದುಕೊಂಡು ಜೋಳದ ಕಣಜದ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ತಿನ್ನುತ್ತಾಳೆ, ತುಟಿಯ ಎರಡು ಕೊನೆಗಳಲ್ಲೂ ಒಂದೊಂದು ಬಿಳಿಚಿದ ಗುಳಿ, ಜೋಳದ ಕಾಳಿನಷ್ಟು, ಎರಡೂ ಒಂದೇ ಅಳತೆ, ಕಬ್ಬು ಜಗಿದೆ ಅಂತ ಕಬ್ಬಿಣದ ಮುಖವಾಡ ಹಾಕಿದ್ರು ಅಮ್ಮಾವ್ರೇ, ಒಂದು ಸುಗ್ಗಿ ಪೂರ್ತಿ, ಬೀಗ ಹಾಕಿ, ಅಷ್ಟೇ ಹೇಳಿದ್ದು, ಅದೂ ನೆಲ ನೋಡಿಕೊಂಡು, ಹೆತ್ತವಳನ್ನು ಅಮ್ಮಾವ್ರೇ ಎಂದು ಕರೆಯುತ್ತ, ಮುಖವಾಡ ತೆಗೆದ ಮೇಲೂ ಆ ಬೀಗ ಎಲ್ಲೋ ಒಳಗೆ ಉಳಿದುಕೊಂಡಿದ್ದರೆ, ಈ ಮಗು ಹೀಗೆ ಗೋಡೆ ನೋಡಿಕೊಂಡೇ ಮುದುಕಿಯಾದರೆ —

ಟೇಮರ್ ಗೆಣಸಿನ ತಟ್ಟೆ ಎತ್ತಿ ಹೊಸಿಲು ದಾಟಿದಳು, ಬಿಸಿ ಬಟ್ಟೆಯ ಮೂಲಕ ಅಂಗೈಗೆ ಬರುತ್ತಿದೆ, ಒಂದು, ಎರಡು, ಮೂರು, ಬೇಲಿಯ ಮೇಲಿಂದ ಪಕ್ಕದ ಮನೆಯ ಏಸಾವ ನಗುತ್ತಾನೆ, ಏನ್ ಟೇಮರಕ್ಕ, ನಿನ್ ಗೆಣ್ಸು ನೀನೇ ಕದೀತೀಯ ಅಂತ ಯಾರಾದ್ರೂ ಹೇಳಿದ್ರಾ, ಆಗಲೇ ತಿಳಿದದ್ದು, ತಾನು ಸಿಳ್ಳೆ ಹಾಕುತ್ತಿದ್ದೇನೆ, ಹೊಸಿಲಿನಿಂದಲೇ ಹಾಕುತ್ತ ಬಂದಿದ್ದೇನೆ, ಆಗೆಲ್ಲ ದೊರೆಯ ದೊಡ್ಡ ಮನೆಯಲ್ಲಿ ಅಡುಗೆಯ ಕೊಟ್ಟಿಗೆಯಿಂದ ಊಟದ ಕೋಣೆಗೆ ಮೂವತ್ತೆಂಟು ಹೆಜ್ಜೆ, ಮೂವತ್ತೆಂಟೂ ಹೆಜ್ಜೆ ಸಿಳ್ಳೆ ಕೇಳಬೇಕು ಎಂದು ದೊರೆಸಾನಿಯ ಆಜ್ಞೆ, ಜಗಿಯುವ ಬಾಯಿಗೆ ಸಿಳ್ಳೆ ಬರುವುದಿಲ್ಲ, ತುಟಿ ದುಂಡಗಿರಬೇಕು, ನಾಲಿಗೆ ತಗ್ಗಬೇಕು, ನಡುವೆ ಒಂದು ಅಗುಳಿದ್ದರೂ ಉಸಿರು ಒಡೆಯುತ್ತದೆ, ಹತ್ತೊಂಬತ್ತು ವರ್ಷದಲ್ಲಿ ಒಮ್ಮೆ ಮಾತ್ರ ನಿಂತದ್ದು, ಇಪ್ಪತ್ತನೆಯ ಹೆಜ್ಜೆಯಲ್ಲಿ, ಲೀಥಾಳನ್ನು ಕೂರಿಸಿಕೊಂಡ ಗಾಡಿ ಗೇಟು ದಾಟುವಾಗ, ತಟ್ಟೆಯ ಬಿಸ್ಕತ್ತು ಎಣಿಸಿದರು, ಒಂದೂ ಕಡಿಮೆಯಿರಲಿಲ್ಲ, ಆದರೂ ಸಂಜೆ ಬೆನ್ನಿನ ಬಟ್ಟೆ ತೆಗೆಸಿದರು — ಹೂಂ ಕಣೋ ಏಸಾವ, ನಿನ್ನಂಥ ಹೊಟ್ಟೆಬಾಕ ಬೇಲಿ ಮೇಲೆ ಕಾವಲಿದ್ರೆ ಕದಿಯೋದಾದ್ರೂ ಹೆಂಗೆ, ಎಂದಳು, ನಕ್ಕಳು, ಏಸಾವನೂ ನಕ್ಕ, ಲೀಥಾ ನಗಲಿಲ್ಲ, ಎದ್ದು ಬರುತ್ತಿದ್ದಾಳೆ, ಅಯ್ಯೋ ಹೆದರಿಸಿದೆನೇನೋ, ಇಲ್ಲಿ ಕೊಡಿ ಅಮ್ಮಾವ್ರೇ, ನಾನ್ ತರ್ತೀನಿ, ನೀವ್ ಹೋಗಿ ಕೂತ್ಕೊಳಿ, ತಟ್ಟೆ ಕೈ ಬದಲಾಯಿತು, ಬರಿಗೈಯಲ್ಲಿ ನಡೆಯುವುದು ಎಷ್ಟು ವಿಚಿತ್ರ, ಕೈಗಳನ್ನು ಎಲ್ಲಿ ಇಟ್ಟುಕೊಳ್ಳುವುದೆಂದೇ ತಿಳಿಯದು, ಹಿಂದೆ ಅವಳ ಹೆಜ್ಜೆ, ಸಿಳ್ಳೆ ಇಲ್ಲ, ಒಳ್ಳೆಯದು, ಬೇಡ, ಎಂದೂ ಬೇಡ, ಹೆಜ್ಜೆ, ಹೆಜ್ಜೆ, ಹೆಜ್ಜೆ ನಿಂತಿತು, ಯಾಕೆ ನಿಂತಿತು, ಕಣಜದ ಹಿಂದೆ ಹೋದಳೇ, ತಿರುಗಬಾರದು, ನೋಡಿದರೆ ಇನ್ನೂ ಮುದುಡುತ್ತಾಳೆ, ತಿರುಗಬಾರದು, ತಿರುಗಿದಳು — ಅಂಗಳದ ನಟ್ಟನಡುವೆ, ಬಿಸಿಲಿನಲ್ಲಿ, ಏಸಾವ ನೋಡುತ್ತಿರುವಂತೆಯೇ, ತಟ್ಟೆ ಒಂದು ತೋಳಿನ ಮೇಲೆ, ಅರ್ಧ ಗೆಣಸು ಬೆರಳಲ್ಲಿ, ಉಳಿದರ್ಧಕ್ಕೆ ಎಡಗೆನ್ನೆ ಉಬ್ಬಿದೆ, ಇನ್ನೊಂಚೂರು ಬೇಯ್ಬೇಕಿತ್ತವ್ವಾ, ಎಂದಳು ಅದೇ ತುಂಬಿದ ಬಾಯಲ್ಲಿ, ಬೆಂದಿದೆ ಕಣೇ, ಚುಚ್ಚಿ ನೋಡಿದೀನಿ, ಎಂದು ಹೇಳಬೇಕು, ಹೇಳುತ್ತೇನೆ, ಬೆಂಚು ಇಲ್ಲೇ ಇದೆಯಲ್ಲ, ಕೂತಳು, ಕೆನ್ನೆ ಇಳಿಯಿತು, ಇನ್ನೊಂದು ತುತ್ತು, ಮತ್ತೆ ಉಬ್ಬಿತು, ಬಿಸಿಲು ಬಿದ್ದು ಹೊಳೆಯುವ ಕೆನ್ನೆ, ಮೇಲೆ ಕೆಳಗೆ ಆಡುವ ದವಡೆ, ಹೇಳಬೇಕೆಂದಿದ್ದದ್ದು ಏನು, ಇರಲಿ, ಆ ಕೆನ್ನೆ, ಉಬ್ಬಿದ ಕೆನ್ನೆ